ಎಸ್ಕಿಲ್‌ಸ್ಟುನಾದಲ್ಲಿ ಅಕ್ಕನಿಗೊಂದು ಪೆಟ್ಟಿಗೆ

ಓದುವ ಎಲ್ಲರಿಗೂ ಹರಪನಹಳ್ಳಿಯ ಒಬ್ಬ ಬಡಗಿಯ ಶರಣು. ಶಾಲೆಗೆ ಹೋಗಬೇಕಾದ ವಯಸ್ಸಿನಲ್ಲಿ ನಾನು ಗರಗಸ ಹಿಡಿದೆ. ಹತ್ತನೆಯ ತರಗತಿ ಪಾಸು ಮಾಡುವಾಗ ಮೂವತ್ತಾರು ದಾಟಿತ್ತು. ಈಗಲೂ ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುತ್ತೇನೆ. ಎಲ್ಲಾದರೂ ಒತ್ತಕ್ಷರ ಜಾರಿದ್ದರೆ, ಮಾತು ಹಿಂದುಮುಂದಾಗಿದ್ದರೆ ಮನ್ನಿಸಿ. ಬಾಗಿಲು ಕೆಳಗೆ ಸ್ವಲ್ಪ ಉಜ್ಜಿದರೂ ಮುಚ್ಚಿಕೊಳ್ಳುತ್ತದಲ್ಲ, ಹಾಗೆ ಸುಧಾರಿಸಿಕೊಂಡು ಓದಿ.

ಸ್ವೀಡನ್ ದೇಶಕ್ಕೆ ಹೋಗಿ ಬಂದೆ ಎಂದರೆ ಜನ ಮೊದಲು ಕೇಳುವುದು ಆಕಾಶದಲ್ಲಿ ಹಸಿರು ಬೆಳಕು ನೋಡಿದಿರಾ ಎಂದು. ಇಲ್ಲ, ನೋಡಲಿಲ್ಲ. ನಾನು ನೋಡಿದ್ದು ಎಸ್ಕಿಲ್‌ಸ್ಟುನಾ ಎಂಬ ಊರು, ಅಲ್ಲಿ ಅಂತ್ಯಕ್ರಿಯೆ ಮಾಡಿಸಿಕೊಡುವವರ ಒಂದು ಹಳೆಯ ಮರದ ಮನೆ, ಅದರ ಹಿತ್ತಲಿನ ಕೆಲಸದ ಕೋಣೆ, ಮತ್ತು ಒಂದು ಸ್ಮಶಾನ. ಇಷ್ಟೇ. ಆದರೂ ಹೇಳಬೇಕು ಅನ್ನಿಸಿದೆ.

ಬಂದಿಳಿದ ದಿನ

ನನ್ನ ಅಕ್ಕ ಗೌರಮ್ಮ ಹನ್ನೆರಡು ವರ್ಷದಿಂದ ಮಗಳು ವೀಣಾಳ ಜೊತೆ ಅಲ್ಲಿದ್ದಳು. ವೀಣಾ, ಅವಳ ಗಂಡ ಬಸವರಾಜ ಇಬ್ಬರೂ ಎಂಜಿನಿಯರುಗಳು. ಮಣ್ಣು ಅಗೆಯುವ, ಕಲ್ಲು ಹೊರುವ ದೊಡ್ಡ ಯಂತ್ರಗಳನ್ನು ಮಾಡುವ ಕಾರ್ಖಾನೆಯಲ್ಲಿ ಕೆಲಸ. ಮೊಮ್ಮಗಳು ಇಂಚರಾಳನ್ನು ನೋಡಿಕೊಳ್ಳಲು ಹೋದ ಅಕ್ಕ ಅಲ್ಲೇ ಉಳಿದಳು. ಈ ಜನವರಿಯಲ್ಲಿ ಒಂದು ಬೆಳಿಗ್ಗೆ ಚಹಾ ಕುಡಿದು, ಲೋಟ ಕೆಳಗಿಟ್ಟು, ಕೂತಲ್ಲೇ ಹೋಗಿಬಿಟ್ಟಳು.

ನಮ್ಮೂರಿನಲ್ಲಾದರೆ ಬೆಳಿಗ್ಗೆ ಹೋದವರು ಸಂಜೆಯೊಳಗೆ ಮಣ್ಣಲ್ಲಿ. ದೂರದಿಂದ ಬಂದವರಿಗೆ ಸಿಗುವುದು ಹಸಿ ಮಣ್ಣಿನ ದಿಬ್ಬ ಮಾತ್ರ. ನಾನೂ ಫೋನಿನಲ್ಲಿ ಅತ್ತು, ಇಲ್ಲಿಂದಲೇ ಕೈಮುಗಿದು ಮುಗಿಸಬೇಕು ಅಂದುಕೊಂಡಿದ್ದೆ. ಆಗ ವೀಣಾ ಅಂದಳು: "ಮಾಮ, ಇಲ್ಲಿ ಮೂರು ವಾರ ಆದಮೇಲೇ ಮಾಡೋದು. ನೀನು ವೀಸಾ ಮಾಡಿಸ್ಕೊಂಡು ಬರಬಹುದು."

ಮೂರು ವಾರ! ನನಗೆ ಗಾಬರಿಯೂ ಆಯಿತು, ಒಳಗೊಳಗೇ ಸಮಾಧಾನವೂ ಆಯಿತು. ಯಾಕೆಂದರೆ ನಾನು ಅಕ್ಕನಿಗೆ ಒಂದು ಮಾತು ಕೊಟ್ಟಿದ್ದೆ.

ನಮ್ಮಲ್ಲಿ ಸುಡುವುದಿಲ್ಲ. ಮಲಗಿಸುವುದೂ ಇಲ್ಲ. ಚಕ್ಕಳಮಕ್ಕಳ ಹಾಕಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಇಟ್ಟು, ಪೂರ್ವಕ್ಕೆ ಮುಖ ಮಾಡಿ ಮಣ್ಣು ಕೊಡುತ್ತೇವೆ. ಹಿಂದಿನ ವರ್ಷ ಒಂದು ಭಾನುವಾರ ಅಕ್ಕ ಫೋನಿನಲ್ಲಿ ಅಂದಿದ್ದಳು: "ಏ ಕೊಟ್ರ, ಇಲ್ಲಿ ಎಲ್ಲಾರನ್ನೂ ಉದ್ದಕ್ಕ ಮಲಗಿಸಿ ಪೆಟ್ಟಿಗ್ಯಾಗ ಇಡ್ತಾರೋ. ನನ್ನ ಮಾತ್ರ ಮಲಗಿಸಬ್ಯಾಡ್ರಿ. ನಿಂಗ ಗೊತ್ತಲ್ಲ, ಮಲಗಿದ್ರ ನಂಗ ಉಸಿರು ಕಟ್ತೈತಿ." ನಾನು ನಕ್ಕೆ. "ಆಯ್ತಕ್ಕ, ನಾನೇ ಬಂದು ಕೂರಿಸ್ತೀನಿ ಬಿಡು," ಅಂದೆ. ಹಾಗೆ ನಗುತ್ತಾ ಆಡಿದ ಮಾತು ಅದು.

ವಿಮಾನ ನಿಲ್ದಾಣದಿಂದ ಬಸವರಾಜ ಕಾರಿನಲ್ಲಿ ಕರೆತಂದ. ಮಧ್ಯಾಹ್ನ ಮೂರಕ್ಕೇ ಕತ್ತಲು ಇಳಿಯುತ್ತಿತ್ತು. ಮನೆಯಲ್ಲಿ ಒಲೆ ಉರಿಯುತ್ತಿತ್ತು, ಸಾರಿನ ವಾಸನೆ ಬರುತ್ತಿತ್ತು. ಸಾವಿನ ಮನೆಯಲ್ಲಿ ಒಲೆ ಹಚ್ಚಿದ್ದಾರಲ್ಲ ಎಂದು ಒಂದು ಗಳಿಗೆ ಮನಸ್ಸಿಗೆ ಕಸಿವಿಸಿ ಆಯಿತು. ಆಮೇಲೆ ಹೊಳೆಯಿತು, ಮೂರು ವಾರ ಯಾರು ಉಪವಾಸ ಇರುತ್ತಾರೆ.

ಊಟ ಆದಮೇಲೆ ವೀಣಾ ಮೆಲ್ಲಗೆ ಶುರು ಮಾಡಿದಳು.

"ಮಾಮ, ಬೈಬೇಡ. ಅಂತ್ಯಕ್ರಿಯೆಯವರಿಗೆ ನಾನು ಫೋನಲ್ಲೇ ಕ್ರಿಮೇಶನ್ ಅಂತ ಹೇಳಿಬಿಟ್ಟಿದೀನಿ. ಬೂದಿ ತಗೊಂಡು ನೀನೇ ಊರಿಗೆ ಹೋಗು, ಅಲ್ಲಿ ಏನು ಮಾಡ್ಬೇಕೋ ಮಾಡು."

"ನಮ್ಮಲ್ಲಿ ಸುಡ್ತಾರೇನೇ ವೀಣಾ?"

"ಗೊತ್ತು."

"ಅಕ್ಕ ಕೂರಿಸ್ರಿ ಅಂದಿದ್ಲು."

"ನಂಗೂ ಅಂದಿದ್ಲು."

"ಮತ್ತೆ? ಇಲ್ಲಿ ಕೇಳಿದ್ಯಾ?"

ಅವಳು ತಟ್ಟೆ ಎತ್ತಿದವಳು ಮತ್ತೆ ಕೆಳಗಿಟ್ಟಳು. "ಏನಂತ ಕೇಳ್ಲಿ ಮಾಮ? ನಮ್ಮವ್ವನ್ನ ಕೂರಿಸಿ ಹೂಳಿ ಅಂತ ಸ್ವೀಡಿಷ್‌ನಲ್ಲಿ ಹೆಂಗೆ ಹೇಳ್ಲಿ? ಇಪ್ಪತ್ತು ವರ್ಷ ಆಯ್ತು ಬಂದು. ಒಂದು ಸಲ, ಒಂದೇ ಒಂದು ಸಲ, ಯಾರ ಹತ್ರನೂ ನಮಗೆ ಬೇರೆ ತರ ಬೇಕು ಅಂತ ಕೇಳಿಲ್ಲ. ಇಂಚರಾ ಡಾಗಿಸ್‌ಗೆ ಹೋಗೋವಾಗ ಊಟದ್ದೂ ಕೇಳಿಲ್ಲ. ಬಾಯಿ ಬರಲ್ಲ ನಂಗೆ."

ಡಾಗಿಸ್ ಎಂದರೆ ಅಲ್ಲಿನ ಅಂಗನವಾಡಿ. ಬಸವರಾಜ ನನ್ನ ಮುಖ ನೋಡಿ, "ಮಾಮ, ಅಷ್ಟಕ್ಕೂ ಅವರು ಬೇಡ ಅಂತಾರೆ ನೋಡಿ. ಈ ದೇಶದಲ್ಲಿ ಬಾಲ್ಕನಿಗೆ ಪರದೆ ಹಾಕೋಕೂ ರೂಲ್ಸ್ ಐತೆ," ಅಂದ.

"ಬೇಡ ಅನ್ನೋದನ್ನ ಅವರೇ ಅನ್ಲಿ," ಅಂದೆ ನಾನು. "ಅವರ ಪರವಾಗಿ ನೀವ್ಯಾಕೆ ಅಂತೀರಿ?"

ಬಸ್ ಸ್ಟಾಪಿನ ಹಿಂದಿನ ಮನೆ

ಮರುದಿನ ವೀಣಾ ರಜೆ ಹಾಕಿ ನನ್ನನ್ನು ಕರೆದುಕೊಂಡು ಹೋದಳು. ಮನೆಯಿಂದ ಹತ್ತು ನಿಮಿಷದ ನಡಿಗೆ. ನದಿಗೆ ಹತ್ತಿರದ ಬೀದಿ, ಬಸ್ ಸ್ಟಾಪು, ಅದರ ಹಿಂದೆ ಹಳದಿ ಬಣ್ಣದ ಎರಡಂತಸ್ತಿನ ಮರದ ಮನೆ. ಕೆಳಗೆ ದೊಡ್ಡ ಗಾಜಿನ ಕಿಟಕಿ. ಒಳಗೆ ಬಿಳಿ ಪರದೆ, ಒಂದು ದೀಪ, ಒಂದು ಹೂದಾನಿ. ಬೋರ್ಡು ಓದಲು ಬಾರದ ನನಗೆ ಪೀಠೋಪಕರಣದ ಅಂಗಡಿ ಅನ್ನಿಸಿತು.

ಬಾಗಿಲ ಮುಂದೆ ನಾನು ಬೂಟು, ಕಾಲುಚೀಲ ಎರಡೂ ಬಿಚ್ಚಿದೆ. ಹೆಣ ಇರುವ ಜಾಗಕ್ಕೆ ಚಪ್ಪಲಿ ಹಾಕಿ ಹೋಗುವುದೇ? ಹಿಮದ ಮೆಟ್ಟಿಲ ಮೇಲೆ ಅಂಗಾಲು ಬೆಂಕಿ ತಾಗಿದ ಹಾಗೆ ಉರಿಯಿತು. "ಮಾಮ, ಒಳಗೆ ಬಂದು ಬಿಚ್ಚು!" ಎಂದು ವೀಣಾ ಕೂಗುವಷ್ಟರಲ್ಲಿ ಬಾಗಿಲು ತೆರೆದವರು ನನ್ನ ಕಾಲು ನೋಡಿದರು. ಒಳಗೆ ಹೋಗಿ ಒಂದು ಜೊತೆ ದಪ್ಪ ಉಣ್ಣೆಯ ಕಾಲುಚೀಲ ತಂದುಕೊಟ್ಟರು.

ಅವರೇ ಲೆನ್ನಾರ್ಟ್. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಅಂದರೆ ಎಪ್ಪತ್ತರ ಹತ್ತಿರ. ಅವರ ಅಜ್ಜನ ಕಾಲದಿಂದ ಇದೇ ಮನೆ, ಇದೇ ಕೆಲಸ. ಹಿರಿಯರನ್ನು ಬರೀ ಹೆಸರು ಹಿಡಿದು ಕರೆಯಲು ನನಗೆ ನಾಲಗೆ ಬರಲಿಲ್ಲ. ಲೆನ್ನಾರ್ಟಣ್ಣ ಅಂದೆ. ಅದರ ಅರ್ಥವನ್ನು ವೀಣಾಳಿಂದ ಕೇಳಿ ತಿಳಿದುಕೊಂಡು, ಅವರು ಒಮ್ಮೆ ತಲೆಯಾಡಿಸಿದರು.

ಮೊದಲು ಕಾಫಿ, ದಾಲ್ಚಿನ್ನಿಯ ಬನ್ನು. ಆ ದೇಶದಲ್ಲಿ ಫಿಕಾ ಎನ್ನುವ ಈ ಕಾಫಿ-ತಿಂಡಿ ಇಲ್ಲದೆ ಯಾವ ಮಾತೂ ಆರಂಭವಾಗುವುದಿಲ್ಲ, ಸಾವಿನ ಮಾತು ಕೂಡ. ಆಮೇಲೆ ಅವರು ಕಾಗದ ತೆಗೆದು ಅಕ್ಕನ ಪರ್ಸೂನ್ ನಂಬರ್ ಓದಿದರು. ಅಲ್ಲಿ ಹುಟ್ಟಿದ ತಾರೀಖೇ ಮನುಷ್ಯನ ನಂಬರು. ಜೂನ್ ಒಂದು! ಅಕ್ಕ ಹುಟ್ಟಿದ್ದು ಸುಗ್ಗಿಯ ಕಾಲದಲ್ಲಿ ಎಂದು ಅವ್ವ ಹೇಳುತ್ತಿದ್ದಳು. ಪಾಸ್‌ಪೋರ್ಟು ಮಾಡಿಸುವಾಗ ಯಾರೋ ಬರೆದ ಸುಳ್ಳು ತಾರೀಖಿನಿಂದ ಒಂದು ದೇಶ ಅಕ್ಕನನ್ನು ಕರೆಯುತ್ತಿತ್ತು. ನಗು ಬಂತು, ತಡೆದುಕೊಂಡೆ.

ಲೆನ್ನಾರ್ಟಣ್ಣ ಕಾಗದ ಕೆಳಗಿಟ್ಟು ಏನೋ ಹೇಳಿದರು. ವೀಣಾಳ ಮುಖ ಬದಲಾಯಿತು.

"ಏನಂತೆ?"

"ಅವ್ವನ್ನ ಇವರು ಬಲ್ಲರಂತೆ ಮಾಮ. ಇಂಚರಾನ ಶಾಲೆಯಿಂದ ಕರ್ಕೊಂಡು ಬರೋಕೆ ಹೋಗೋವಾಗ ಅವ್ವ ದಿನಾ ಇಲ್ಲಿ ಮುಂದಿನ ಬೆಂಚಲ್ಲಿ ಕೂತ್ಕೊಂಡು ಬಸ್ಸಿಗೆ ಕಾಯ್ತಿದ್ಲಂತೆ. ಬೇರೆಯವರೆಲ್ಲ ಈ ಕಿಟಕಿಗೆ ಬೆನ್ನು ಹಾಕಿ ನಿಲ್ತಾರಂತೆ. ಅವ್ವ ಮಾತ್ರ ಇವರನ್ನ ಕಂಡ್ರೆ ಕೈ ಮುಗೀತಿದ್ಲಂತೆ." ಅವಳು ಮೂಗು ಒರೆಸಿಕೊಂಡಳು. "ನಾನು ಈ ಅಂಗಡಿ ಕಂಡ್ರೆ ರಸ್ತೆ ದಾಟಿ ಆ ಕಡೆ ಹೋಗ್ತಿದ್ದೆ."

"ಈಗ ಕೇಳು," ಅಂದೆ.

"ಮಾಮ…"

"ಕೇಳೇ."

ಅವಳು ಕೇಳಿದಳು. ತಲೆ ತಗ್ಗಿಸಿಕೊಂಡು, ನಡುವೆ ನಿಲ್ಲಿಸಿ, ಕೈಯಲ್ಲಿ ಕೂರುವ ಆಕಾರ ತೋರಿಸಿ ಕೇಳಿದಳು. ನನಗೆ ಭಾಷೆ ತಿಳಿಯಲಿಲ್ಲ, ಆದರೆ ಅವಳ ಕಿವಿ ಕೆಂಪಾದದ್ದು ಕಂಡಿತು. ಲೆನ್ನಾರ್ಟಣ್ಣ ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು, ಒಂದೇ ಪ್ರಶ್ನೆ ಹಾಕಿದರು.

"ಎತ್ತರ ಎಷ್ಟು ಬೇಕು ಅಂತ ಕೇಳ್ತಿದಾರೆ," ಅಂದಳು ವೀಣಾ, ನಂಬಲಾರದ ಹಾಗೆ.

ಮಾಳಿಗೆಯ ಕಂಡಿ

ಒಪ್ಪಿಗೆ ಕೊಡಬೇಕಾದದ್ದು ಅವರಲ್ಲ, ಸ್ಮಶಾನದ ಕಚೇರಿ. ಅಲ್ಲಿಗೆ ಫೋನು ಮಾಡಿ ಉತ್ತರಕ್ಕೆ ಕಾಯುವಾಗ ಅವರು ನಮಗೆ ಮನೆಯನ್ನು ತೋರಿಸಿದರು. ನನ್ನ ಕೈ ನೋಡಿಯೇ ಬಡಗಿ ಎಂದು ಗುರುತು ಹಿಡಿದಿದ್ದರು. ನನ್ನ ಎಡಗೈ ಹೆಬ್ಬೆರಳಿನ ತುದಿ ಇಲ್ಲ. ಅವರದು ತೋರುಬೆರಳು.

ಅವರ ಅಜ್ಜ ಹಳ್ಳಿಯಿಂದ ಈ ಊರಿಗೆ ಬಂದ ಬಡಗಿಯಂತೆ. ಊರ ತುಂಬ ಕಮ್ಮಾರರು, ಚಾಕು ಕತ್ತರಿ ಮಾಡುವವರು. ಅವರಿಗೆಲ್ಲ ಮೇಜು, ಕುರ್ಚಿ, ತೊಟ್ಟಿಲು ಮಾಡಿಕೊಡುತ್ತಿದ್ದರು. ಯಾರಾದರೂ ಸತ್ತರೆ ಅದೇ ಕೈಯಿಂದ ಪೆಟ್ಟಿಗೆ. ಮೊದಮೊದಲು ಬರೀ ಪೆಟ್ಟಿಗೆ. ಆಮೇಲೆ ಸತ್ತವರ ಮನೆಯವರು, "ಹೇಗೂ ತರುತ್ತೀಯಲ್ಲ, ನೀನೇ ಒಳಗಿಟ್ಟುಬಿಡು," ಅಂದರು. ಆಮೇಲೆ "ನೀನೇ ಒಯ್ದುಬಿಡು," ಅಂದರು. ಹೀಗೆ ಒಂದೊಂದೇ ಕೆಲಸ ಬಾಗಿಲಿಗೆ ಬಂದು, ಬಡಗಿಯ ಅಂಗಡಿ ಅಂತ್ಯಕ್ರಿಯೆಯ ಮನೆಯಾಯಿತು. ಅವರಾಗಿ ಬೋರ್ಡು ಬದಲಿಸಿದ್ದು ಅಪ್ಪನ ಕಾಲದಲ್ಲಂತೆ, ಅದೂ ಅಕ್ಕಪಕ್ಕದವರು ಈ ಅಂಗಡಿಯಲ್ಲಿ ತೊಟ್ಟಿಲು ಕೊಳ್ಳಲು ಹಿಂಜರಿದ ಮೇಲೆ.

ಮೇಲಂತಸ್ತಿನ ನೆಲದಲ್ಲಿ ಆಳುದ್ದದ ಒಂದು ಕಂಡಿ ಇತ್ತು, ಹಲಗೆಯ ಮುಚ್ಚಳದ ಜೊತೆ. ಚಳಿಗಾಲದಲ್ಲಿ ವಾರ್ನಿಷ್ ಒಣಗಲು ಒಲೆಯ ಬಿಸಿ ಬೇಕು. ಒಲೆ ಇದ್ದದ್ದು ಮೇಲೆ, ಅಡುಗೆಮನೆಯಲ್ಲಿ. ಹಾಗಾಗಿ ಪೆಟ್ಟಿಗೆಗಳನ್ನು ಮೇಲೆ ಒಣಗಿಸಿ, ಆ ಕಂಡಿಯಿಂದ ಹಗ್ಗ ಕಟ್ಟಿ ಅಂಗಡಿಗೆ ಇಳಿಸುತ್ತಿದ್ದರಂತೆ. ಲೆನ್ನಾರ್ಟಣ್ಣನ ಅಜ್ಜಿ ಪೆಟ್ಟಿಗೆಗಳ ನಡುವೆಯೇ ಆಲೂಗಡ್ಡೆ ಬೇಯಿಸುತ್ತಿದ್ದಳಂತೆ. ಮಕ್ಕಳು ಕಣ್ಣಾಮುಚ್ಚಾಲೆಯಲ್ಲಿ ಎಲ್ಲಿ ಅಡಗುತ್ತಿದ್ದರು ಎಂದು ನಾನು ಕೇಳಲಿಲ್ಲ. ಅವರೇ ನಗುತ್ತಾ ಹೇಳಿದರು.

ನನಗೆ ಬಹಳ ಹಿಡಿಸಿದ್ದು ಇನ್ನೊಂದು ಸಂಗತಿ. ಅಜ್ಜನ ಕಾಲದಿಂದ ಆ ಮನೆಯಲ್ಲಿ ಪೆಟ್ಟಿಗೆಗೆ ಮೊಳೆ ಹೊಡೆಯುವುದಿಲ್ಲ. ಮೂಲೆಗಳನ್ನು ಹಲ್ಲಿನಂತೆ ಕೊರೆದು ಕೂಡಿಸುತ್ತಾರೆ, ಮುಚ್ಚಳಕ್ಕೆ ತಿರುಪು. ಮುಂದಿನ ಕೋಣೆಯಲ್ಲಿ ಸತ್ತವರ ಮನೆಯವರು ಕೂತಿರುತ್ತಾರೆ, ಸುತ್ತಿಗೆಯ ಸದ್ದು ಅವರ ಕಿವಿಗೆ ಬೀಳಬಾರದು ಎಂದು.

ನಮ್ಮಲ್ಲಿ ಸಾವಿನ ಮನೆಯ ಮುಂದೆಯೇ ಬೊಂಬು ಕಡಿಯುತ್ತೇವೆ, ಗೂಟ ಹೊಡೆಯುತ್ತೇವೆ, ಹಲಗೆ ವಾದ್ಯ ಬಡಿಯುತ್ತಾರೆ. ಐವತ್ತು ವರ್ಷ ಕೆಲಸ ಮಾಡಿದರೂ ಆ ಸದ್ದು ಒಳಗಿರುವ ಹೆಂಡತಿಗೋ ಮಗಳಿಗೋ ಹೇಗೆ ಕೇಳುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಆದರೆ ಒಂದು ಮಾತು, ನಮ್ಮ ಕಡೆ ಆ ಸದ್ದು ಕೇಳಿಯೇ ಬೀದಿಯವರೆಲ್ಲ ಕೆಲಸ ಬಿಟ್ಟು ಬರುತ್ತಾರೆ. ಇಲ್ಲಿ ಸದ್ದೂ ಇಲ್ಲ, ಬೀದಿಯವರೂ ಇಲ್ಲ.

ಸಂಜೆಯ ಹೊತ್ತಿಗೆ ಕಚೇರಿಯ ಹೆಂಗಸು ಫೋನು ಮಾಡಿದರು. ಪೆಟ್ಟಿಗೆ ಕಡ್ಡಾಯ. ಪೆಟ್ಟಿಗೆಯ ಮೇಲೆ ಇರಬೇಕಾದಷ್ಟು ಮಣ್ಣು ಇರಲೇಬೇಕು. ಹಾಗಾದರೆ ಗುಣಿ ಹೆಚ್ಚು ಆಳ ತೋಡಬೇಕು, ತೋಡುತ್ತೇವೆ. ಆದರೆ ಅಂಥ ಪೆಟ್ಟಿಗೆ ಯಾವ ಕಾರ್ಖಾನೆಯಲ್ಲೂ ಸಿಗುವುದಿಲ್ಲ, ಅದು ನಿಮಗೆ ಬಿಟ್ಟದ್ದು.

ವೀಣಾ ಫೋನು ಹಿಡಿದೇ ನಿಂತಿದ್ದಳು. "ಅಷ್ಟೇನಾ?" ಅಂದಳು ಕನ್ನಡದಲ್ಲಿ, ಯಾರಿಗೋ.

ಈಗ ಪೆಟ್ಟಿಗೆಗಳೆಲ್ಲ ಕಾರ್ಖಾನೆಯಿಂದ ಬರುತ್ತವೆ. ಲೆನ್ನಾರ್ಟಣ್ಣ ತಮ್ಮ ಕೈಯಾರೆ ಮಾಡಿ ಬಹಳ ವರ್ಷ ಆಗಿತ್ತು. ಆದರೂ ಹಿತ್ತಲಿನ ಕೋಣೆಯ ಬೀಗದ ಕೈ ತಂದರು.

ಅಳತೆ

ಅಳತೆ ಹೇಗೆ ತೆಗೆಯುವುದು? ಅಕ್ಕನನ್ನು ನಾನು ನೋಡಿ ಐದು ವರ್ಷ ಆಗಿತ್ತು. ಶೀತಲ ಕೋಣೆಯಲ್ಲಿ ಮಲಗಿರುವವರನ್ನು ಅಳತೆಗಾಗಿ ಎಬ್ಬಿಸಿ ಕೂರಿಸುವುದು ನನಗೆ ಬೇಡವಾಗಿತ್ತು. ಮನೆಗೆ ಬಂದು ನಾನೇ ನೆಲದ ಮೇಲೆ ಕೂತೆ. ಬಸವರಾಜ ಟೇಪು ಹಿಡಿದ.

"ಮಾಮ, ನಿಮ್ಮ ಅಳತೆಗೆ ಮಾಡಿದ್ರೆ ಅತ್ತೆ ಒಳಗೆ ಓಡಾಡ್ಕೊಂಡು ಇರಬಹುದು," ಅಂದ.

ವೀಣಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳದು ಅವ್ವನದೇ ಮೈಕಟ್ಟು. ಅದೇ ಗಿಡ್ಡ ಕುತ್ತಿಗೆ, ಅದೇ ಅಗಲ ಮೊಣಕಾಲು. ಇದು ಮೂವರಿಗೂ ಒಟ್ಟಿಗೆ ಹೊಳೆಯಿತು. ಸತ್ತವರ ಅಳತೆಗೆ ಬದುಕಿರುವವರನ್ನು ಕೂರಿಸುವುದು ಒಳ್ಳೆಯದಲ್ಲ ಎಂದು ನಮ್ಮಲ್ಲಿ ಅನ್ನುತ್ತಾರೆ. ನಾನು ಎದ್ದು, "ಅಂದಾಜಿಗೆ ಮಾಡ್ತೀನಿ ಬಿಡು," ಅಂದೆ.

"ಅಂದಾಜು ಯಾಕೆ?" ಅಂದು ವೀಣಾ ಬಂದು ನೆಲದ ಮೇಲೆ ಕೂತಳು. ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿ, ಎಡ ಅಂಗೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಕಣ್ಣು ಮುಚ್ಚಲಿಲ್ಲ. "ಹಿಡಿ ಮಾಮ. ಬೇಗ ಹಿಡಿ, ಕಾಲು ಜೋಮು ಹಿಡೀತೈತೆ. ಕುರ್ಚಿ ಮೇಲೆ ಕೂತು ಕೂತು ಅಭ್ಯಾಸನೇ ಹೋಗೈತೆ ನಂಗೆ."

ನೆತ್ತಿಯಿಂದ ನೆಲಕ್ಕೆ, ಮೊಣಕಾಲಿಂದ ಮೊಣಕಾಲಿಗೆ, ಬೆನ್ನಿಂದ ಪಾದದ ತುದಿಗೆ. ನಾನು ಎಷ್ಟೋ ಬಾಗಿಲು ಅಳೆದಿದ್ದೇನೆ. ಆ ಮೂರು ಅಳತೆಯನ್ನು ಮಾತ್ರ ಎರಡೆರಡು ಸಲ ಹಿಡಿದು ಬರೆದುಕೊಂಡೆ.

ಎದ್ದವಳು ಅಡುಗೆಮನೆಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಳು.

ಹಿತ್ತಲಿನ ಕೋಣೆಯಲ್ಲಿ ಮೂರು ದಿನ

ಹಿತ್ತಲಿನ ಕೋಣೆಯಲ್ಲಿ ಸೊಂಟದೆತ್ತರದ ಕೆಲಸದ ಮೇಜು, ಗೋಡೆಯ ತುಂಬ ರಂದಗಳು, ಉಳಿಗಳು. ಎಲ್ಲಕ್ಕೂ ಎಣ್ಣೆ ಸವರಿಟ್ಟಿದ್ದರು. ಲೆನ್ನಾರ್ಟಣ್ಣ ಒಲೆ ಹೊತ್ತಿಸಿದರು. ಮರ ಪೈನು. ನಮ್ಮ ಬೇವು, ತೇಗದ ಎದುರು ಅದು ಬೆಣ್ಣೆ. ರಂದ ಇಟ್ಟರೆ ಸಾಕು, ಸುರುಳಿ ಸುರುಳಿ ಬರುತ್ತದೆ. ಅಂಟಿನ ಪರಿಮಳ ಮೂಗಿಗೆ ಹತ್ತಿ ಕೂರುತ್ತದೆ.

ನನಗೆ ಅವರ ಮೇಜಿನ ಮುಂದೆ ನಿಂತು ಕೆಲಸ ಸಾಗಲಿಲ್ಲ. ಅರ್ಧ ಗಂಟೆ ಒದ್ದಾಡಿ, ಹಲಗೆ ಎತ್ತಿಕೊಂಡು ನೆಲದ ಮೇಲೆ ಕೂತೆ. ಎಡಗಾಲಿನಲ್ಲಿ ಹಲಗೆ ಅದುಮಿ ಹಿಡಿದು ಉಳಿ ಇಟ್ಟೆ. ಲೆನ್ನಾರ್ಟಣ್ಣ ಗರಗಸ ನಿಲ್ಲಿಸಿ ನೋಡಿದರು. ಬೇರೆ ದೇಶದಲ್ಲಿ ನೆಲಕ್ಕೆ ಕೂತೆನಲ್ಲ ಎಂದು ನನಗೆ ಒಂಥರಾ ಆಯಿತು. ಅವರು ಒಳಗೆ ಹೋಗಿ ಕುರಿಯ ತುಪ್ಪಳದ ಒಂದು ಹಾಸು ತಂದು ನನ್ನ ಪಕ್ಕ ಹಾಕಿ, ನೆಲ ತಣ್ಣಗಿದೆ ಎಂದು ಕೈಸನ್ನೆ ಮಾಡಿದರು.

ಭಾಷೆ ಇಲ್ಲದೆ ಮೂರು ದಿನ ಕೆಲಸ ಮಾಡಿದೆವು. ವೀಣಾ ಬಂದಾಗ ಮಾತ್ರ ಮಾತು. ಒಮ್ಮೆ ಅವರು ಅಜ್ಜನ ಒಂದು ಕತೆ ಹೇಳಿದರು. ಅಕಾರ್ಡಿಯನ್ ಬಾರಿಸುವ ಒಬ್ಬ ಕಮ್ಮಾರ ಆ ವಾದ್ಯವನ್ನು ಎದೆಯ ಮೇಲೆ ಇಟ್ಟುಕೊಂಡೇ ಹೋಗುತ್ತೇನೆ ಅಂದಿದ್ದನಂತೆ. ಅಜ್ಜ ಎದೆಯ ಹತ್ತಿರ ಉಬ್ಬಿದ ಪೆಟ್ಟಿಗೆ ಮಾಡಿದರಂತೆ. ಪಾದ್ರಿ ಬೈದರಂತೆ, ಆದರೂ ಹೂಳಿದರಂತೆ.

"ನೋಡು," ಅಂದೆ ವೀಣಾಗೆ. "ಆ ಕಮ್ಮಾರನ ಹೆಂಡ್ತಿ ಕೇಳೋಕೆ ನಾಚ್ಕೊಂಡಿದ್ರೆ?"

"ಸಾಕು ಮಾಮ, ಚುಚ್ಚಬೇಡ," ಅಂದಳು. ಆದರೂ ನಕ್ಕಳು. ಬಂದಮೇಲೆ ಅವಳು ನಕ್ಕದ್ದು ಅದೇ ಮೊದಲು.

ಪೆಟ್ಟಿಗೆ ಆಯಿತು. ಎರಡೂವರೆ ಅಡಿ ಚೌಕ, ಎತ್ತರ ಮೂರು ಅಡಿಗೆ ಎರಡು ಇಂಚು ಕಡಿಮೆ. ಒಳಗೆ ಬೆನ್ನಿಗೆ ಒರಗಲು ಒಂದು ಹಲಗೆ, ಜಾರದಂತೆ ಬಟ್ಟೆಯ ಪಟ್ಟಿ. ನಾಲ್ಕೂ ಕಡೆ ಹಗ್ಗದ ಹಿಡಿ. ಯಾವ ಮಗ್ಗುಲಿಂದ ನೋಡಿದರೂ ಒಂದೇ ಸಮ, ಒಂದು ನೂಲಿನ ವ್ಯತ್ಯಾಸ ಇಲ್ಲ. ಮೊಳೆಯೂ ಇಲ್ಲ. ಲೆನ್ನಾರ್ಟಣ್ಣ ಸುತ್ತಲೂ ಕೈಯಾಡಿಸಿ ಹೆಬ್ಬೆರಳು ಎತ್ತಿದರು. ನನಗೆ ಹೆಮ್ಮೆ ಆಯಿತು ಎಂದು ಒಪ್ಪಿಕೊಳ್ಳುತ್ತೇನೆ. ಅಕ್ಕನ ಪೆಟ್ಟಿಗೆ ಎಂಬುದು ಆ ಗಳಿಗೆ ಮರೆತೇ ಹೋಗಿತ್ತು.

ಅಕ್ಕನನ್ನು ಸಿದ್ಧ ಮಾಡಿದ ದಿನದ ವಿವರ ಬರೆಯುವುದಿಲ್ಲ. ನಾನು, ಲೆನ್ನಾರ್ಟಣ್ಣ, ಅವರ ಜೊತೆ ಕೆಲಸ ಮಾಡುವ ಒಬ್ಬ ಹೆಂಗಸು ಇದ್ದೆವು. ಸೀರೆ ಉಡಿಸಿದ್ದು ಆ ಹೆಂಗಸು, ಫೋನಿನಲ್ಲಿ ವೀಡಿಯೋ ನೋಡಿಕೊಂಡು, ನೆರಿಗೆ ಸರಿಯಾಗುವವರೆಗೂ ಬಿಡಲಿಲ್ಲ. ವಿಭೂತಿ ನಾನು ಹಚ್ಚಿದೆ. ಲಿಂಗವನ್ನು ಅಂಗೈಯಲ್ಲಿ ಇಟ್ಟೆ. ಅಕ್ಕ ಕೂತಳು. ವೀಣಾ ಬಾಗಿಲ ಹೊರಗೇ ನಿಂತಳು. "ನಂಗೆ ಆಗಲ್ಲ ಮಾಮ, ನೋಡಿದ್ರೆ ಬಿದ್ದೋಗ್ತೀನಿ," ಅಂದಳು. ನಾನೂ ಒತ್ತಾಯ ಮಾಡಲಿಲ್ಲ. ಮುಚ್ಚಳ ಮುಚ್ಚಿ ನಾಲ್ಕು ತಿರುಪು ಬಿಗಿದೆವು.

ಸ್ಮಶಾನ

ಎರಡು ದಿನ ಮುಂಚೆಯೇ ಆ ಜಾಗದ ಮೇಲೆ ಬಿಸಿ ಮಾಡುವ ಒಂದು ದೊಡ್ಡ ಮುಚ್ಚಳ ಇಟ್ಟಿದ್ದರಂತೆ. ಹೆಪ್ಪುಗಟ್ಟಿದ ನೆಲ ಕರಗದೆ ಗುದ್ದಲಿ ಇಳಿಯುವುದಿಲ್ಲ. ನಮ್ಮಲ್ಲಿ ಬೇಸಿಗೆಯಲ್ಲಿ ಹಿಂದಿನ ದಿನ ನೀರು ಹೊಯ್ದು ನೆನೆಸುತ್ತೇವಲ್ಲ, ಹಾಗೆ. ಎಲ್ಲ ಕಡೆಯೂ ಮಣ್ಣು ಸುಮ್ಮನೆ ಬಾಯಿ ತೆರೆಯುವುದಿಲ್ಲ.

ಬಂದವರು ಹದಿನೈದು ಜನ. ಕಾರ್ಖಾನೆಯ ಗೆಳೆಯರು, ಎರಡು ಕನ್ನಡದ ಸಂಸಾರ, ಉತ್ತರದ ಲುಲೆಯೊ ಎಂಬ ಊರಿನಲ್ಲಿ ಓದುತ್ತಿರುವ ಇಂಚರಾ. ಅವಳು ಅಜ್ಜಿಯ ಹಳೆಯ ಸ್ವೆಟರು ಹಾಕಿಕೊಂಡು ಬಂದಿದ್ದಳು. ಊರಿನಿಂದ ಅಯ್ಯನವರು ಫೋನಿನಲ್ಲಿ ಮಂತ್ರ ಹೇಳುವುದೆಂದು ಮಾತಾಗಿತ್ತು. ಎರಡು ಮಂತ್ರ ಆಗುವಷ್ಟರಲ್ಲಿ ಚಳಿಗೆ ಬಸವರಾಜನ ಫೋನು ಸತ್ತುಹೋಯಿತು. ಇಂಚರಾಳದೂ ಹೋಯಿತು. ಕೊನೆಗೆ ನಮಗೆಲ್ಲ ಗೊತ್ತಿದ್ದ ಒಂದೇ ಮಂತ್ರ, ನಮಃ ಶಿವಾಯ, ಅದನ್ನೇ ಎಲ್ಲರೂ ಹೇಳುತ್ತಾ ನಿಂತೆವು. ಸ್ವೀಡಿಷರೂ ತುಟಿ ಅಲ್ಲಾಡಿಸಿದರು.

ಪೆಟ್ಟಿಗೆಯನ್ನು ಗುಣಿಯ ಮೇಲಿನ ಹಲಗೆಗಳ ಮೇಲೆ ಇಟ್ಟರು. ಕೆಳಗಿಳಿಸುವ ಪಟ್ಟಿಗಳನ್ನು ಹಿಡಿದರು. ಆಗ ನಾನು, "ಮುಖ ಪೂರ್ವಕ್ಕೆ ಐತಲ್ಲ?" ಅಂದೆ.

ಬಸವರಾಜ ಲೆನ್ನಾರ್ಟಣ್ಣನ ಕಡೆ ತಿರುಗಿದ.

ನಾನು ಪೆಟ್ಟಿಗೆಯನ್ನು ನೋಡಿದೆ. ನಾಲ್ಕು ಮುಖ, ನಾಲ್ಕೂ ಒಂದೇ. ನಾಲ್ಕು ಹಿಡಿ, ನಾಲ್ಕೂ ಒಂದೇ. ಮನೆಯಿಂದ ಕಾರಿಗೆ, ಕಾರಿನಿಂದ ಗಾಡಿಗೆ, ಗಾಡಿಯಿಂದ ಇಲ್ಲಿಗೆ ಎಷ್ಟು ಸಲ ತಿರುಗಿತ್ತೋ. ಮುಂದಿನ ಹಲಗೆ ಯಾವುದು ಎಂದು ನಾನು ಗುರುತು ಹಾಕಿರಲಿಲ್ಲ. ಉದ್ದನೆಯ ಪೆಟ್ಟಿಗೆಯಲ್ಲಿ ತಲೆ ಎಲ್ಲಿ, ಕಾಲು ಎಲ್ಲಿ ಎಂದು ಮಕ್ಕಳಿಗೂ ಗೊತ್ತಾಗುತ್ತದೆ. ಲೆನ್ನಾರ್ಟಣ್ಣ ತಮ್ಮ ಜನ್ಮದಲ್ಲಿ ಆ ಪ್ರಶ್ನೆ ಎದುರಿಸಿರಲಿಲ್ಲ. ನಮ್ಮೂರಿನಲ್ಲಾದರೆ ಪೆಟ್ಟಿಗೆಯೇ ಇಲ್ಲ, ಮುಖ ಕಾಣುತ್ತಲೇ ಇರುತ್ತದೆ. ಎರಡೂ ದೇಶದ ಬಡಗಿಗಳು ಸೇರಿ ಇಂಥ ಪೆಟ್ಟಿಗೆ ಮೊದಲ ಸಲ ಮಾಡಿದ್ದೆವು. ನನ್ನ ಹೆಮ್ಮೆಯ ಕೆಲಸವೇ ಅಕ್ಕನ ಮುಖವನ್ನು ಮರೆಸಿಬಿಟ್ಟಿತ್ತು.

"ನನ್ನ ತಪ್ಪು," ಅಂದೆ. "ನನಗೆ ಗೊತ್ತಿಲ್ಲ, ಅಕ್ಕ ಯಾವ ಕಡೆ ನೋಡ್ತಿದಾಳೋ."

"ಹಂಗೇ ಇಳಿಸಿಬಿಡೋಣ ಮಾಮ," ಅಂದ ಬಸವರಾಜ ಮೆಲ್ಲಗೆ. "ಜನ ಚಳೀಲಿ ನಿಂತಿದಾರೆ. ಶಿವ ನಾಲ್ಕೂ ಕಡೆ ಇರ್ತಾನೆ."

ಒಪ್ಪಿಬಿಡೋಣ ಅನ್ನಿಸಿತು. ಗುಣಿಯ ಅಂಚಿನಲ್ಲಿ ಸ್ಮಶಾನದ ಇಬ್ಬರು ಕೆಲಸಗಾರರು ಪಟ್ಟಿ ಹಿಡಿದು ಕಾಯುತ್ತಿದ್ದರು. ಆಗ ವೀಣಾ ಮುಂದೆ ಬಂದಳು. ಲೆನ್ನಾರ್ಟಣ್ಣನ ಎದುರು ನಿಂತು ಸ್ವೀಡಿಷ್‌ನಲ್ಲಿ ಹೇಳಿದಳು. ಈ ಸಲ ತಲೆ ತಗ್ಗಿಸಲಿಲ್ಲ, ನಡುವೆ ನಿಲ್ಲಿಸಲಿಲ್ಲ. ಅವರು ಸುತ್ತ ನಿಂತವರನ್ನು ಒಮ್ಮೆ ನೋಡಿ, ಕೋಟಿನ ಜೇಬಿನಿಂದ ಸ್ಕ್ರೂಡ್ರೈವರು ತೆಗೆದರು. ತಿರುಪು ಬಿಚ್ಚಲು ಶುರು ಮಾಡಿದರು.

ನಾನು ಮುಚ್ಚಳಕ್ಕೆ ಕೈ ಹಾಕಿದೆ. ಬೆರಳು ಮರಗಟ್ಟಿ ಎತ್ತಲಾಗಲಿಲ್ಲ. "ನೀನು ಈಚೆ ಸರಿ ಮಾಮ," ಅಂದಳು ವೀಣಾ. ಅವಳೇ ಮುಚ್ಚಳವನ್ನು ಒಂದು ಗೇಣು ಎತ್ತಿ ಒಳಗೆ ಬಗ್ಗಿದಳು. ಬೀಳುತ್ತಾಳೆಂದು ಬಸವರಾಜ ಹಿಂದೆ ಬಂದು ನಿಂತ. ಅವಳು ಬೀಳಲಿಲ್ಲ. ಬಹಳ ಹೊತ್ತು ನೋಡಿದಳು.

"ನನ್ನೇ ನೋಡ್ತಿದಾಳೆ," ಅಂದಳು. "ಅವ್ವ ನನ್ನ ಕಡೆಗೇ ಕೂತವಳೆ ಮಾಮ."

"ನೀನು ನಿಂತಿರೋದು ಯಾವ ದಿಕ್ಕು?"

ಮೋಡದಲ್ಲಿ ಸೂರ್ಯ ಎಲ್ಲೂ ಇರಲಿಲ್ಲ, ಫೋನುಗಳು ಸತ್ತಿದ್ದವು. ಇಂಚರಾ ಕೆಲಸಗಾರರನ್ನು ಸ್ವೀಡಿಷ್‌ನಲ್ಲಿ ಕೇಳಿದಳು. ಅವರಲ್ಲಿ ವಯಸ್ಸಾದವನು ಪೂರ್ವ ಅತ್ತ ಎಂದು ಗದ್ದದಿಂದ ಎದುರು ಬದಿ ತೋರಿಸಿದ. ಇಲ್ಲಿ ಹಳೆಯವರೆಲ್ಲ ಮಲಗಿರುವುದು ಕಾಲು ಪೂರ್ವಕ್ಕೆ ಹಾಕಿಯೇ, ಎದ್ದು ಕೂತರೆ ಸೂರ್ಯ ಹುಟ್ಟುವ ಕಡೆ ಮುಖ ಬರುವ ಹಾಗೆ, ಎಂದನಂತೆ. ಹಾಗಾದರೆ ಅಕ್ಕ ಪಶ್ಚಿಮಕ್ಕೆ ಕೂತಿದ್ದಳು, ಪೂರ್ತಿ ಹಿಂದುಮುಂದು.

ವೀಣಾ ಗುಣಿಯನ್ನು ಸುತ್ತಿಕೊಂಡು ಹೋಗಿ ಪೂರ್ವದ ಬದಿಯಲ್ಲಿ ನಿಂತಳು. "ಈಗ ತಿರುಗಿಸಿ," ಅಂದಳು. "ನನ್ನ ಕಡೆಗೆ. ಇನ್ನೂ. ಇನ್ನೂ ಸ್ವಲ್ಪ. ಹ್ಞಾಂ, ಅಲ್ಲೇ." ನಾವು ನಾಲ್ವರು ಹಗ್ಗದ ಹಿಡಿ ಹಿಡಿದು ತಿರುಗಿಸಿದೆವು. ಮುಚ್ಚಳ ಬಿಗಿದು ಇಳಿಸಿದೆವು.

ಅಲ್ಲಿ ಹೂವು ಹಾಕಿ ಎಲ್ಲರೂ ಹೊರಟುಹೋಗುತ್ತಾರೆ, ಮಣ್ಣು ಮುಚ್ಚುವುದು ಆಮೇಲೆ, ಕೆಲಸಗಾರರು. ತೆರೆದ ಗುಣಿಗೆ ಬೆನ್ನು ಹಾಕಿ ಹೋಗಲು ನಮ್ಮ ಕಾಲು ಬರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ವೀಣಾ ಅದನ್ನೂ ಕೇಳಿದಳು. ಸಲಿಕೆಗಳು ಬಂದವು. ಬೆಚ್ಚಗೆ ಮಾಡಿ ತೆಗೆದ ಮಣ್ಣು ಆಗಲೇ ಮತ್ತೆ ಗಟ್ಟಿಯಾಗುತ್ತಿತ್ತು. ಹೆಂಟೆಗಳನ್ನು ಕೈಯಲ್ಲಿ ಪುಡಿ ಮಾಡಿ ಹಾಕಿದೆವು.

ಹೊರಡುವ ಹಿಂದಿನ ದಿನ

ಉಣ್ಣೆಯ ಕಾಲುಚೀಲ ವಾಪಸು ಕೊಡಲು ಹೋದೆ. ಲೆನ್ನಾರ್ಟಣ್ಣ ಬೇಡ ಅಂದರು. ಅವರ ಮೇಜಿನ ಮೇಲೆ ಅಕ್ಕನ ಪೆಟ್ಟಿಗೆಯ ನಕ್ಷೆ ಇತ್ತು. ಅಳತೆ, ಕೂಡಿಕೆ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿದ್ದರು.

"ಇನ್ನೊಬ್ಬರು ಯಾರಾದ್ರೂ ಕೇಳ್ಕೊಂಡು ಬಂದ್ರೆ ಬೇಕಾಗುತ್ತಂತೆ," ಅಂದಳು ವೀಣಾ. "ಈ ದೇಶದಲ್ಲಿ ನಮ್ಮವರು ಇನ್ನೂ ಎಷ್ಟೋ ಜನ ಇದಾರೆ, ಎಲ್ಲರಿಗೂ ವಯಸ್ಸಾಗುತ್ತೆ ಅಂತಿದಾರೆ. ಏನಾದ್ರೂ ತಿದ್ದೋದಿದ್ರೆ ತಿದ್ದು ಅಂತಾರೆ."

ನಾನು ಪೆನ್ಸಿಲ್ಲು ತೆಗೆದುಕೊಂಡು ಒಂದು ಹಲಗೆಯ ಮೇಲೆ ಬಾಣದ ಗುರುತು ಹಾಕಿದೆ. ಅದರ ಕೆಳಗೆ, ನಿಧಾನವಾಗಿ, ತಪ್ಪಾಗದಂತೆ, "ಮುಖ ಈ ಕಡೆ" ಎಂದು ಬರೆದೆ. ವೀಣಾ ಅದರ ಅರ್ಥ ಹೇಳಿದಳು. ಲೆನ್ನಾರ್ಟಣ್ಣ ಅದರ ಕೆಳಗೆ ತಮ್ಮ ಭಾಷೆಯಲ್ಲಿ ಬರೆದುಕೊಂಡರು.

ಇಷ್ಟೇ ನನ್ನ ಸ್ವೀಡನ್. ಓದಿದವರಲ್ಲಿ ಯಾರಾದರೂ ಪರದೇಶದಲ್ಲಿ ನಿಮ್ಮವರನ್ನು ನಿಮ್ಮ ಪದ್ಧತಿಯಂತೆ ಕಳಿಸಿಕೊಡಲು ಹೋಗಿದ್ದೀರಾ? ಏನು ಕೇಳಿದಿರಿ, ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ, ಎಲ್ಲಿ ಎಡವಿದಿರಿ? ದಯವಿಟ್ಟು ಬರೆದು ತಿಳಿಸಿ. ಒಪ್ಪದೇ ಹೋದದ್ದನ್ನೂ ಬರೆಯಿರಿ. ವೀಣಾಳಂತೆ ಬಾಯಿ ಬಾರದೆ ಕೂತ ಇನ್ನೊಬ್ಬ ಮಗಳು ಎಲ್ಲೋ ಓದಿಕೊಂಡು, ಎದ್ದು ಹೋಗಿ ಕೇಳಿಯಾಳು.